ಬೋರಿಕ್ ಆಮ್ಲ: ರಿಯಾಕ್ಟರಿನ ಉಕ್ಕು ತಿನ್ನುವ ಬಿಳಿ ಪುಡಿ

ಊರ ಕಟ್ಟೆಗಳಲ್ಲಿ ಕೇರಂ ಆಡುವ ಹುಡುಗರು ಬೋರ್ಡಿನ ಮೇಲೆ ಉದುರಿಸುವ ಬಿಳಿ ಪುಡಿ ಸಾಮಾನ್ಯವಾಗಿ ಬೋರಿಕ್ ಆಮ್ಲ.

ಒತ್ತಡದ ನೀರಿನ ರಿಯಾಕ್ಟರ್‌ಗಳಲ್ಲಿ ಇದನ್ನು ತಂಪುಗೊಳಿಸುವ ನೀರಿಗೆ ಬೆರೆಸುತ್ತಾರೆ. ಇದರಲ್ಲಿನ ಬೋರಾನ್-10 ನ್ಯೂಟ್ರಾನ್‌ಗಳನ್ನು ಹೀರಿ ವಿದಳನವನ್ನು ಹತೋಟಿಯಲ್ಲಿಡುತ್ತದೆ. ರಿಯಾಕ್ಟರ್ ಪಾತ್ರೆಯ ಒಳಮೈಗೆ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆಯಿರುವುದರಿಂದ ಒಳಗೆ ಅಪಾಯ ಕಡಿಮೆ. ಆದರೆ ಸೋರಿ ಹೊರಬಿದ್ದರೆ ನೀರು ಆವಿಯಾಗಿ, ಆಮ್ಲ ಸಾಂದ್ರಗೊಂಡು ಉಕ್ಕನ್ನು ಕೊರೆಯುತ್ತದೆ.

2002ರ ಮಾರ್ಚ್‌ನಲ್ಲಿ ಅಮೆರಿಕದ ಓಹಿಯೋದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಪತ್ತೆಯಾದದ್ದು ಇದೇ. ನಿಯಂತ್ರಣ ಸರಳಿನ ಕೊಳವೆಯ ಬಿರುಕಿನಿಂದ ಸೋರಿದ ಆಮ್ಲ ಪಾತ್ರೆಯ ಮುಚ್ಚಳದ ಸುಮಾರು 15 ಸೆಂ.ಮೀ. ದಪ್ಪದ ಉಕ್ಕನ್ನು ತಿಂದಿತ್ತು. ಅಲ್ಲಿ ಉಳಿದದ್ದು 1 ಸೆಂ.ಮೀ. ಆಸುಪಾಸಿನ ಸ್ಟೇನ್‌ಲೆಸ್ ಪದರ ಮಾತ್ರ!

ಪತ್ತೆ: ಕೀಲುಗಳಲ್ಲಿ ಬಿಳಿ ಹರಳು, ತುಕ್ಕಿನ ಕೆಂಪು ಕಲೆಗಳ ತಪಾಸಣೆ, ಬಿರುಕಿಗೆ ಅಲ್ಟ್ರಾಸಾನಿಕ್ ಪರೀಕ್ಷೆ.

ನಿರ್ವಹಣೆ: ಹರಳು ತೊಳೆದು ಕೆಳಗಿನ ಲೋಹವನ್ನು ಪರೀಕ್ಷಿಸುವುದು, ಸೋರಿಕೆ ತಡೆಯುವುದು, ಕೊಳವೆಗಳಿಗೆ ಬಿರುಕು ಬಿಡುವ ಅಲಾಯ್ 600 ಮಿಶ್ರಲೋಹದ ಬದಲು ಅಲಾಯ್ 690 ಬಳಸುವುದು.

ಗಮನಿಸಿ: ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ತಲಾ 220 ಮೆಗಾವ್ಯಾಟ್‌ನ 4 ಘಟಕಗಳು ಭಾರಜಲ ಮಾದರಿಯವು; ಅಲ್ಲಿ ಇಂಥ ದೊಡ್ಡ ಒತ್ತಡದ ಪಾತ್ರೆಯ ಬದಲು ಒತ್ತಡದ ಕೊಳವೆಗಳಿವೆ. ತಮಿಳುನಾಡಿನ ಕೂಡಂಕುಳಂನ ವಿವಿಇಆರ್ ರಿಯಾಕ್ಟರ್‌ಗಳಲ್ಲಿ ಬೋರಿಕ್ ಆಮ್ಲ ಬಳಕೆಯಲ್ಲಿದೆ. ಭಾರತದ ಅಣುಸ್ಥಾವರಗಳ ಸುರಕ್ಷತೆಯ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ, ಮುಂಬೈ ಕೇಂದ್ರಿತ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು.