ಹೊರೆ ಇಳಿದ ಮೇಲೆ
(ಯೌವನಸ್ಥರ ಕೂಟದ ಸಂದೇಶ. ವಾಕ್ಯಭಾಗ: ಅರಣ್ಯಕಾಂಡ 8:23-26)

ಯೂತ್ ಮೀಟಿಂಗ್‌ನಲ್ಲಿ ನಿವೃತ್ತಿಯ ಬಗ್ಗೆ ಯಾಕೆ ಸಂದೇಶ ಅನ್ನೋ ಪ್ರಶ್ನೆ ಕೆಲವರ ಮುಖದಲ್ಲೇ ಕಾಣ್ತಾ ಇದೆ. ಕಾರಣ ಇದೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಪ್ಪನೋ ಅಮ್ಮನೋ ಈಗಷ್ಟೇ ರಿಟೈರ್ ಆಗಿದ್ದಾರೆ. ಪೇಪರ್ ಓದಿ ಮುಗಿಸಿ, ಹತ್ತು ಗಂಟೆಗೆ ಗೋಡೆ ಗಡಿಯಾರ ನೋಡ್ತಾ ಕೂರ್ತಾರೆ. ಇನ್ನು ಕೆಲವರು 28ನೇ ವಯಸ್ಸಿಗೇ ಎಕ್ಸೆಲ್ ಶೀಟ್ ತೆರೆದು, 45ಕ್ಕೆ ಕೆಲಸ ಬಿಡೋಕೆ ಎಷ್ಟು ಕೋಟಿ ಬೇಕು ಅಂತ ಲೆಕ್ಕ ಹಾಕ್ತಿದ್ದೀರಿ. ಲೆಕ್ಕ ಹಾಕೋದು ತಪ್ಪಲ್ಲ. ಆದರೆ 46ನೇ ವಯಸ್ಸಿನ ಒಂದು ಮಂಗಳವಾರ ಬೆಳಿಗ್ಗೆ ಏನು ಮಾಡ್ತೀರಿ ಅನ್ನೋದಕ್ಕೆ ಆ ಶೀಟ್‌ನಲ್ಲಿ ಒಂದು ಕಾಲಂ ಇದೆಯಾ?

ಅರಣ್ಯಕಾಂಡ ಎಂಟನೇ ಅಧ್ಯಾಯ ತೆಗೆಯಿರಿ. ವಯಸ್ಸಿನ ಲೆಕ್ಕದಲ್ಲಿ ಕೆಲಸದಿಂದ ಬಿಡುಗಡೆ ಅನ್ನೋ ವಿಷಯವನ್ನು ಇಷ್ಟು ನೇರವಾಗಿ ಹೇಳೋ ಭಾಗ ಸತ್ಯವೇದದಲ್ಲಿ ನನಗೆ ಬೇರೆ ಕಂಡಿಲ್ಲ. ಲೇವಿಯರು 25ನೇ ವಯಸ್ಸಿನಿಂದ ದೇವದರ್ಶನದ ಗುಡಾರದ ಕೆಲಸಕ್ಕೆ ಸೇರಬೇಕು, 50 ಆದಾಗ ಆ ಕೆಲಸ ಬಿಡಬೇಕು. ನಾಲ್ಕನೇ ಅಧ್ಯಾಯದಲ್ಲಿ 30 ಅಂತ ಇದೆಯಲ್ಲಾ ಅಂತ ಕೇಳ್ತೀರಿ. ಮೊದಲ ಐದು ವರ್ಷ ಕೆಲಸ ಕಲಿಯೋದಕ್ಕೆ ಅಂತ ಯೆಹೂದಿ ಪಂಡಿತರು ವಿವರಣೆ ಕೊಡ್ತಾರೆ. ನಮ್ಮ ಕಾರ್ಖಾನೆ ಭಾಷೆಯಲ್ಲಿ ಅಪ್ರೆಂಟಿಸ್.

50ಕ್ಕೇ ಯಾಕೆ? ಹೊರೆ ಎಷ್ಟಿತ್ತು ಅಂತ ನೋಡಿದರೆ ಗೊತ್ತಾಗುತ್ತೆ. ಗುಡಾರದ ಚೌಕಟ್ಟಿಗೆ 48 ಹಲಗೆಗಳು, ಒಂದೊಂದೂ ಹತ್ತು ಮೊಳ ಉದ್ದ, ಅಂದರೆ ಸುಮಾರು ನಾಲ್ಕೂವರೆ ಮೀಟರ್. ಅವುಗಳ ಕೆಳಗೆ ಬೆಳ್ಳಿಯ ಗದ್ದಿಗೇಕಲ್ಲುಗಳು. ವಿಮೋಚನಕಾಂಡ 38:27ರ ಪ್ರಕಾರ ಒಟ್ಟು ನೂರು, ಒಂದೊಂದೂ ಒಂದು ತಲಾಂತು ತೂಕ. ತಲಾಂತು ಅಂದ್ರೆ ಸುಮಾರು 34 ಕೆಜಿ. ನಿಮ್ಮ ಮನೆಯ ತುಂಬಿದ ಗ್ಯಾಸ್ ಸಿಲಿಂಡರ್‌ಗಿಂತ ಭಾರ. ಇದೆಲ್ಲ ಮೆರಾರೀಯರ ಪಾಲು. ಅವರಿಗೆ ನಾಲ್ಕು ಬಂಡಿ, ಎಂಟು ಎತ್ತು ಸಿಕ್ಕಿತ್ತು ನಿಜ, ಆದರೆ ಬಂಡಿಗೆ ಹತ್ತಿಸೋದು, ಇಳಿಸೋದು ಮನುಷ್ಯರೇ. ಕೆಹಾತ್ಯರಿಗಂತೂ ಬಂಡಿಯೇ ಇಲ್ಲ. ಪರಿಶುದ್ಧ ವಸ್ತುಗಳನ್ನು ಹೆಗಲ ಮೇಲೇ ಹೊರಬೇಕು. ನಮ್ಮ ದೇವರು ಮನುಷ್ಯನ ಸೊಂಟ, ಮಂಡಿ ಬಲ್ಲವನು. ಸ್ತೋತ್ರ!

ಈಗ 26ನೇ ವಚನಕ್ಕೆ ಬನ್ನಿ. ಎಲ್ಲರೂ ಓದದೆ ದಾಟಿಹೋಗೋ ವಚನ ಇದು. 50 ದಾಟಿದ ಲೇವಿಯನು ಗುಡಾರದಲ್ಲಿ ತನ್ನ ಸಹೋದರರಿಗೆ ನೆರವಾಗಬಹುದು, ಕಾವಲು ನೋಡಿಕೊಳ್ಳಬಹುದು, ಆದರೆ ಆ ಭಾರದ ಸೇವೆ ಮಾತ್ರ ಅವನದಲ್ಲ. ಹೊರೆ ಇಳಿಸಿದರು, ಆದರೆ ಅವನನ್ನು ಪಾಳೆಯದ ಅಂಚಿಗೆ ಕಳಿಸಲಿಲ್ಲ. ಅವನು ಅಲ್ಲಿ ಏನೇನು ಮಾಡ್ತಿದ್ದ ಅಂತ ವಚನ ಪಟ್ಟಿ ಕೊಡೋದಿಲ್ಲ. ನನ್ನ ಊಹೆ ಹೇಳ್ತೀನಿ: ಯಾವ ಹಲಗೆ ಎಲ್ಲಿ ಕೂರುತ್ತೆ, ಗಾಳಿ ಬಂದಾಗ ಯಾವ ಹಗ್ಗ ಮೊದಲು ಬಿಗಿಯಬೇಕು ಅಂತ ಹೊಸ ಹುಡುಗರಿಗೆ ತೋರಿಸ್ತಿದ್ದ. 25 ವರ್ಷ ಹೊತ್ತವನಿಗೆ ಅದು ಕೈಗೇ ಗೊತ್ತಿರುತ್ತೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳ್ತಿಲ್ಲ. 36 ವರ್ಷ ಲೇತ್ ಮುಂದೆ ನಿಂತವನು ನಾನು. ರಿಟೈರ್ ಆದ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಗೇಟ್ ತನಕ ಬಂದು ಕೈ ಕುಲುಕಿದರು. ಮರುದಿನ ಬೆಳಿಗ್ಗೆ ಐದಕ್ಕೆ ಎಚ್ಚರ ಆಯ್ತು. ಹೋಗೋಕೆ ಶಿಫ್ಟ್ ಇಲ್ಲ. ಮೊದಲ ಎರಡು ತಿಂಗಳು ರಜೆ ಥರ ಚೆನ್ನಾಗಿತ್ತು. ಮೂರನೇ ತಿಂಗಳಿಂದ ನನ್ನ ಮನೆಯವರು ಅಡುಗೆ ಮನೆಗೆ ಬರಬೇಡಿ ಅನ್ನೋಕೆ ಶುರು ಮಾಡಿದರು.

ಪಿಂಚಣಿ ತಗೊಳ್ಳೋರು ವರ್ಷಕ್ಕೊಂದು ಸಲ ಜೀವಂತ ಪ್ರಮಾಣಪತ್ರ ಕೊಡಬೇಕು. ನಾನು ಬೆರಳು ಇಟ್ಟೆ, ಮಿಷಿನ್ ಒಪ್ಪಲಿಲ್ಲ. ಲೇತ್ ಕೆಲಸದಲ್ಲಿ ಬೆರಳ ಗೆರೆಗಳೆಲ್ಲ ಸವೆದುಹೋಗಿವೆ. ಕೆಲಸ ಮಾಡಿದ ಗುರುತೇ, ಬದುಕಿಲ್ಲ ಅಂತ ಸಾಕ್ಷಿ ಹೇಳ್ತು! ಕೊನೆಗೆ ಇದೇ ಸಭೆಯ ಒಬ್ಬ ತಮ್ಮ ಫೋನ್‌ನಲ್ಲಿ ನನ್ನ ಮುಖ ತೋರಿಸಿ ಕೆಲಸ ಮುಗಿಸಿಕೊಟ್ಟ. ನಾನು ನಕ್ಕೆ. ಆದರೆ ಆ ರಾತ್ರಿ ಪ್ರಾರ್ಥನೆಯಲ್ಲಿ, ನಾನು ಬದುಕಿದ್ದೀನಿ ಅಂತ ಕರ್ತನ ಮುಂದೆ ಹೇಗೆ ತೋರಿಸಲಿ ಅಂತ ಕೇಳಿದೆ.

ಉತ್ತರ ದೊಡ್ಡ ದರ್ಶನವಾಗಿ ಬರಲಿಲ್ಲ. ಪೀಣ್ಯದಲ್ಲಿ ಸಾವಿರಾರು ಸಣ್ಣ ವರ್ಕ್‌ಶಾಪ್‌ಗಳಿವೆ. ಅಂಥ ಒಂದಕ್ಕೆ ಈಗ ವಾರಕ್ಕೆ ಎರಡು ಬೆಳಿಗ್ಗೆ ಹೋಗ್ತೀನಿ. ಚಕ್‌ಗೆ ಭಾರದ ಜಾಬ್ ಎತ್ತಿ ಕಟ್ಟೋದು ಹುಡುಗರು. ನಾನು ಟೂಲ್ ಹೇಗೆ ಗ್ರೈಂಡ್ ಮಾಡಬೇಕು ಅಂತ ತೋರಿಸ್ತೀನಿ, ವರ್ನಿಯರ್ ಓದೋದು ಹೇಳಿಕೊಡ್ತೀನಿ. ಮೆಟಲ್ ಕಟ್ ಆಗೋ ಶಬ್ದ ಸ್ವಲ್ಪ ಬದಲಾದರೆ ಟೂಲ್ ಮೊಂಡಾಯ್ತು ಅಂತ ನನ್ನ ಕಿವಿಗೆ ಮೊದಲೇ ಗೊತ್ತಾಗುತ್ತೆ. ಒಬ್ಬ ಹುಡುಗನಿಗೆ ಈಗ ಅದು ಕೇಳಿಸೋಕೆ ಶುರುವಾಗಿದೆ. ಆ ದಿನ ನಾನು ಮನೆಗೆ ಬರ್ತಾ ಎರಡು ಕೆಜಿ ಅವರೆಕಾಯಿ ತಂದೆ. ಇಬ್ಬರೂ ಕೂತು ಬಿಡಿಸಿ, ಚಿಲಕಿ, ಸಾರು ಮಾಡಿ ಊಟ ಮಾಡಿದೆವು. ಪ್ರಸಂಗಿ 5:18 ನೋಡಿ. ತಿನ್ನೋದು, ಕುಡಿಯೋದು, ದುಡಿಮೆಯಲ್ಲಿ ಸುಖ ಕಾಣೋದು, ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾನೆ. ಒಂದನ್ನು ತೆಗೆದರೆ ಉಳಿದೆರಡು ಸಪ್ಪೆ.

ನನ್ನ ಜೊತೆ ಅದೇ ತಿಂಗಳು ರಿಟೈರ್ ಆದ ಒಬ್ಬ ಸ್ನೇಹಿತರಿದ್ದಾರೆ. ಮಗ ಚಿನ್ನದಂಥವನು. “ಅಪ್ಪಾ, ಸಾಕಷ್ಟು ದುಡಿದಿದ್ದೀರಿ, ಇನ್ನು ಏನೂ ಮಾಡಬೇಡಿ” ಅಂತ ಕರೆಂಟ್ ಬಿಲ್, ಬ್ಯಾಂಕ್, ದಿನಸಿ ಎಲ್ಲವನ್ನೂ ಫೋನ್‌ಗೆ ತಂದುಬಿಟ್ಟ. ಅವರ ಪಾಲಿಗೆ ಉಳಿದದ್ದು ಪಾರ್ಸೆಲ್ ಬಂದಾಗ ಬಾಗಿಲು ತೆಗೆಯೋದು. ವರ್ಷ ತುಂಬೋದರೊಳಗೆ ಅವರ ಮಾತೇ ಕಡಿಮೆಯಾಯ್ತು. ಊಟ ಬೇಡ ಅನ್ನೋರು, ಮಧ್ಯಾಹ್ನ ಎರಡಕ್ಕೇ ಕರ್ಟನ್ ಎಳೆದು ಮಲಗೋರು. ಮಗ ಹೆದರಿ ಡಾಕ್ಟರ್ ಹತ್ತಿರ ಕರ್ಕೊಂಡು ಹೋದ. ಅದು ಸರಿಯಾದ ಕೆಲಸ, ಪ್ರಾರ್ಥನೆಯ ಜೊತೆ ಅದನ್ನೂ ಮಾಡಿ. ಡಾಕ್ಟರ್ ಮಾತ್ರೆ ಬರೆದರು, ದಿನಾ ಬೆಳಿಗ್ಗೆ ಇವರು ಎಲ್ಲಿಗೆ ಹೋಗ್ತಾರೆ ಅಂತಲೂ ಕೇಳಿದರು. ಮಗನ ಹತ್ತಿರ ಉತ್ತರ ಇರಲಿಲ್ಲ. ಈಗ ಬಿಲ್ ಕಟ್ಟೋದು ಮತ್ತೆ ಅಪ್ಪನ ಕೆಲಸ. ಬೆಂಗಳೂರು ಒನ್ ಕೇಂದ್ರಕ್ಕೆ ನಡೆದು ಹೋಗಿ ಬರ್ತಾರೆ. ಫೋನ್‌ನಲ್ಲಿ ಒಂದು ನಿಮಿಷದ ಕೆಲಸಕ್ಕೆ ಅವರಿಗೆ ಅರ್ಧ ಬೆಳಿಗ್ಗೆ ಬೇಕು. ದಾರಿಯಲ್ಲಿ ನಾಲ್ಕು ಜನ ಸಿಗ್ತಾರೆ. ಪೂರ್ತಿ ಸರಿಹೋಗಿದ್ದಾರೆ ಅಂತ ನಾನು ಹೇಳೋದಿಲ್ಲ. ಮೊನ್ನೆ ಬಸ್ ಸ್ಟಾಪ್‌ನಲ್ಲಿ ಸಿಕ್ಕಾಗ ಇಪ್ಪತ್ತು ನಿಮಿಷ ರಾಜಕೀಯ ಮಾತಾಡಿದರು.

ಸಭೆಯಲ್ಲೂ ಹೀಗೇ ಮಾಡ್ತೀವಿ. ಹಿರಿಯರಿಗೆ ‘ಪ್ರೇಯರ್ ವಾರಿಯರ್’ ಅಂತ ಬಿರುದು ಕೊಟ್ಟು ಮೂಲೆಯ ಕುರ್ಚಿಯಲ್ಲಿ ಕೂರಿಸಿಬಿಡ್ತೀವಿ. ಲೂಕ 2ರ ಅನ್ನಳು ಹಗಲಿರುಳು ಪ್ರಾರ್ಥನೆ ಮಾಡಿದಳು ನಿಜ. ಆದರೆ ಮಗುವನ್ನು ಕಂಡ ಕೂಡಲೇ, ಬಿಡುಗಡೆಗೆ ಕಾಯ್ತಿದ್ದವರಿಗೆಲ್ಲ ಆ ಮಗುವಿನ ವಿಷಯ ಹೇಳಿದಳು. ಅಲ್ಲಿ ಮಾತಾಡೋ ಬಾಯಿ ಅವಳದೇ.

ಇನ್ನೊಂದು ಕಡೆಯೂ ಇದೆ. ಅಪ್ಪ ಅಮ್ಮನಿಗೆ ಸಂತೋಷ ಯಾವುದರಲ್ಲಿ ಅಂತ ನಾವೇ ತೀರ್ಮಾನ ಮಾಡಿಬಿಡ್ತೀವಿ. 2 ಸಮುವೇಲ 19ರಲ್ಲಿ ಬರ್ಜಿಲ್ಲೈಗೆ 80 ವರ್ಷ. ದಾವೀದನು ಮಗನಿಂದ ತಪ್ಪಿಸಿಕೊಂಡು ಓಡಿಬಂದಾಗ ಹಾಸಿಗೆ, ಪಾತ್ರೆ, ಗೋದಿ, ಬೇಳೆ, ಜೇನು ತಂದು ಸೈನ್ಯಕ್ಕೆ ಊಟ ಹಾಕಿದವರಲ್ಲಿ ಈ ಮುದುಕನೂ ಒಬ್ಬ. ರಾಜ ಕೃತಜ್ಞತೆಯಿಂದ, ಯೆರೂಸಲೇಮಿಗೆ ಬಾ, ನಾನೇ ನೋಡ್ಕೊಳ್ತೀನಿ ಅಂದ. ಅವನು ವಿನಯದಿಂದ ಬೇಡ ಅಂದ. ನನಗೆ ರುಚಿ ಗೊತ್ತಾಗಲ್ಲ, ಹಾಡು ಕೇಳಿಸಲ್ಲ, ಯೊರ್ದನಿನ ಆಚೆ ಸ್ವಲ್ಪ ದೂರ ಬರ್ತೀನಿ, ಆಮೇಲೆ ನನ್ನ ಊರಲ್ಲೇ, ತಂದೆ ತಾಯಿಯ ಸಮಾಧಿ ಇರೋ ಕಡೆ ಇರೋಕೆ ಬಿಡು ಅನ್ನೋ ಅರ್ಥದಲ್ಲಿ ಮಾತಾಡಿದ. ತನ್ನ ಬದಲು ಕಿಮ್ಹಾಮನನ್ನು ಕಳಿಸಿದ. ದಾವೀದ ಬಲವಂತ ಮಾಡಲಿಲ್ಲ. ಮುದ್ದಿಟ್ಟು ಆಶೀರ್ವದಿಸಿ ಕಳಿಸಿದ. ಅಮ್ಮನನ್ನು ಊರಿಂದ ಹದಿನಾಲ್ಕನೇ ಮಹಡಿಯ ಫ್ಲಾಟ್‌ಗೆ ಕರೆಸಿಕೊಂಡು, ಮಗು ನೋಡ್ಕೊಳ್ಳೋಕೆ ಜನ ಸಿಕ್ಕರು ಅಂತ ನಿಟ್ಟುಸಿರು ಬಿಟ್ಟವರು ಈ ಅಧ್ಯಾಯವನ್ನು ಮನೆಗೆ ಹೋಗಿ ಪೂರ್ತಿ ಓದಿ. ಅಮ್ಮನಿಗೆ ಮೊಮ್ಮಗು ಪ್ರಾಣ ಇರಬಹುದು. ಆದರೂ ಕೇಳಿದ್ದೀರಾ?

ಈ ವಾರ ಒಂದು ಕೆಲಸ ಮಾಡಿ. ಅಪ್ಪ ಅಮ್ಮನ ಹತ್ತಿರ ಕೂತು, ಅವರ ಕೆಲಸದಲ್ಲಿ ಅವರಿಗಷ್ಟೇ ಗೊತ್ತಿದ್ದ ಒಂದು ವಿಷಯ ಕೇಳಿ, ಕಲಿತುಕೊಳ್ಳಿ. ಫೋನ್ ಬೇರೆ ರೂಮಿನಲ್ಲಿರಲಿ. ಎಕ್ಸೆಲ್ ಶೀಟ್‌ನವರು ಸಂಬಳದ ಚೀಟಿಯಲ್ಲಿ ಇಲ್ಲದ ಒಂದು ಕೆಲಸ ಈಗಲೇ ಹಿಡಿಯಿರಿ, ನಾಲ್ಕು ಜನರ ಜೊತೆ ಸೇರಿ ಮಾಡೋ ಅಂಥದ್ದು. ಸಂಡೇ ಸ್ಕೂಲ್ ಆಗಲಿ, ರಕ್ತದಾನ ಶಿಬಿರ ಆಗಲಿ.

ಈಗ ಎದ್ದು ನಿಲ್ಲೋಣ. ಮನೆಯಲ್ಲಿ ಅಪ್ಪನ ಜೊತೆ ಮಾತು ನಿಂತು ಹೋಗಿರೋರು ಇಲ್ಲಿ ಇದ್ದೀರಿ ಅಂತ ನನಗೆ ಗೊತ್ತು. ಮುಂದೆ ಬರೋಕೆ ನಾಚಿಕೆ ಬೇಡ, ನಿಮ್ಮ ಜೊತೆ ನಾನೂ ಮಂಡಿಯೂರ್ತೀನಿ. ಮಂಡಿ ನೋವಿದೆ, ಏಳುವಾಗ ಯಾರಾದರೂ ಕೈ ಕೊಡಿ.