ಮಾಳಿಗೆಯ ಮಳೆನೀರನ್ನೂ ಬಚ್ಚಲ ನೀರನ್ನೂ ಉಳಿಸುವ ಕ್ರಮ

ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿರುವ ಜೆ.ಪಿ. ನಗರವೆಂಬ ಬಡಾವಣೆಯು ಸಾರಕ್ಕಿ, ಪುಟ್ಟೇನಹಳ್ಳಿ ಮುಂತಾದ ಗ್ರಾಮಗಳ ಭೂಮಿಯಲ್ಲಿ ಎದ್ದಿರತಕ್ಕದ್ದು. ಆ ಗ್ರಾಮಗಳ ಹೆಸರಿನ ಕೆರೆಗಳು ಈಗಲೂ ಅಲ್ಲಿವೆ. ಆದರೆ ಸುತ್ತಲಿನ ನೆಲವೆಲ್ಲ ಗಾರೆ ಕಲ್ಲುಗಳಿಂದ ಮುಚ್ಚಿಹೋಗಿರುವುದರಿಂದ, ಬಿದ್ದ ಮಳೆಯ ಬಹುಭಾಗವು ಭೂಮಿಗೆ ಇಳಿಯದೆ ಚರಂಡಿಯ ಪಾಲಾಗುತ್ತದೆ. ೨೦೨೪ನೆಯ ಇಸವಿಯ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಆ ಮಾರ್ಚಿ ತಿಂಗಳಲ್ಲಿ ಜಲಮಂಡಲಿಯು, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು. ಕನಕಪುರ, ಆನೇಕಲ್ಲು ಕಡೆಯ ಜಮೀನುದಾರರೂ ಗ್ರಾಮದ ಯಜಮಾನರೂ ಈ ಸಂಗತಿಯನ್ನು ಪೇಟೆಯವರ ಕಷ್ಟವೆಂದು ತಳ್ಳಿಬಿಡತಕ್ಕದ್ದಲ್ಲ. ಇಂದು ನಿವೇಶನಗಳಾಗಿ ಒಡೆಯುತ್ತಿರುವ ಹೊಲಗಳು ಅವರವೇ. ಪೇಟೆಯವರಿಗಾದರೋ ೧೯೭೪ನೆಯ ಇಸವಿಯಿಂದ ಕಾವೇರಿಯ ನೀರು ಬರುತ್ತಿದೆ. ಅದನ್ನು ಸುಮಾರು ೧೦೦ ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಯಂತ್ರಗಳ ಮೂಲಕ ಸುಮಾರು ೫೦೦ ಮೀಟರು ಮೇಲಕ್ಕೆ ಏರಿಸಿ ತರುತ್ತಾರೆ. ಬಾವಿಯನ್ನೇ ನಂಬಿದ ಹಳ್ಳಿಯ ಮನೆಗೆ ಅಂಥ ಆಸರೆ ಇಲ್ಲ.

ಮಳೆಯ ನೀರು ಎಷ್ಟಾದೀತೆಂದು ಅನೇಕರು ಉದಾಸೀನ ಮಾಡುವುದುಂಟು. ಲೆಕ್ಕ ಹಾಕಿದರೆ ಈ ಸಂದೇಹವು ನಿವಾರಣೆಯಾಗುವುದು. ೧,೦೦೦ ಚದರಡಿಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ೨,೩೬೦ ಲೀಟರು ನೀರಾಗುತ್ತದೆ. ಬೆಂಗಳೂರಿನ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ ೩೮ ಅಂಗುಲ ಮಳೆಯಾಗುವುದರಿಂದ, ಒಟ್ಟು ೮೯,೦೦೦ ಲೀಟರಿಗೂ ಮೇಲಾಯಿತು. ಆವಿಯಾಗಿ, ಚೆಲ್ಲಿ ಐದರಲ್ಲೊಂದು ಪಾಲು ಹೋದರೂ ಸುಮಾರು ೭೨,೦೦೦ ಲೀಟರು ಉಳಿಯುವುದು. ತಲೆಗೆ ದಿನಕ್ಕೆ ೧೦೦ ಲೀಟರಿನಂತೆ ಐದು ಜನರ ಸಂಸಾರಕ್ಕೆ ಇದು ೧೪೪ ದಿನಗಳ ವೆಚ್ಚ. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿಗಳಾದ ಎ.ಆರ್. ಶಿವಕುಮಾರ್ ಅವರು ೧೯೯೫ನೆಯ ಇಸವಿಯಲ್ಲಿ ಕಟ್ಟಿಸಿದ ಮನೆಯು, ನಲ್ಲಿಯ ನೀರನ್ನು ಅಪೇಕ್ಷಿಸದೆ ಮಳೆನೀರಿನಿಂದಲೇ ನಡೆದುಬಂದಿದೆ.

ಮಾಳಿಗೆಯ ನೀರೆಲ್ಲವೂ ಒಂದು ಕಡೆಗೆ ಬರುವಂತೆ ಇಳಿಜಾರನ್ನೂ ಕೊಳವೆಯನ್ನೂ ಏರ್ಪಡಿಸಬೇಕು. ಹೆಂಚಿನ ಮನೆಯಾದರೆ ಸೂರಿನ ಉದ್ದಕ್ಕೂ ತಗಡಿನ ದೋಣಿಯನ್ನು ಕಟ್ಟಬೇಕು. ಬೇಸಗೆ ಕಳೆದು ಬೀಳುವ ಮೊದಲ ಒಂದೆರಡು ಮಳೆಗಳ ನೀರನ್ನು ತೊಟ್ಟಿಗೆ ಬಿಡಕೂಡದು. ಧೂಳು, ಹಕ್ಕಿಗಳ ಹಿಕ್ಕೆ, ಒಣಗಿದ ಎಲೆ ಇವೆಲ್ಲವೂ ಆಗಲೇ ಕೊಚ್ಚಿಕೊಂಡು ಬರುತ್ತವೆ. ಆದಕಾರಣ ಕೊಳವೆಯ ಬುಡದಲ್ಲಿ ಬಿರಡೆಯೊಂದನ್ನಿಟ್ಟು ಆ ನೀರನ್ನು ಹೊರಕ್ಕೆ ಬಿಟ್ಟುಬಿಡತಕ್ಕದ್ದು. ಆಮೇಲೆ ಬಂದ ನೀರನ್ನು ಕೆಳಗೆ ಜಲ್ಲಿ, ಮಧ್ಯೆ ಇದ್ದಲು, ಮೇಲೆ ಮರಳು ತುಂಬಿದ ಪೀಪಾಯಿಯಲ್ಲಿ ಸೋಸಿ ತೊಟ್ಟಿಗೆ ಹಾಯಿಸಬೇಕು. ತೊಟ್ಟಿಗೆ ಬೆಳಕು ತಾಗಿದರೆ ನೀರು ಪಾಚಿಗಟ್ಟುವುದು. ಬಾಯಿ ತೆರೆದಿದ್ದರೆ ಸೊಳ್ಳೆಗಳು ಮೊಟ್ಟೆಯಿಡುವುವು. ಮುಚ್ಚಳವನ್ನೂ ಸಣ್ಣ ಕಣ್ಣಿನ ಬಲೆಯನ್ನೂ ಮರೆಯಬಾರದು. ಕುಡಿಯುವುದಕ್ಕಾದರೆ ಕಾಯಿಸಿ ಆರಿಸಿಯೇ ಉಪಯೋಗಿಸತಕ್ಕದ್ದು.

ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳ ಕಾಲದಲ್ಲಿ ಮಳೆ ಜೋರಾದಾಗ ಯಾವ ತೊಟ್ಟಿಯೂ ಸಾಲದು. ಇಲ್ಲಿಯೇ ಹೆಚ್ಚಿನವರು ತಪ್ಪುವುದು: ತೊಟ್ಟಿ ತುಂಬಿತೆಂದು ಉಳಿದ ನೀರನ್ನು ಬೀದಿಗೆ ಬಿಡುತ್ತಾರೆ. ಆ ನೀರನ್ನು ಇಂಗುಬಾವಿಗೆ ತಿರುಗಿಸುವುದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಈ ಸೀಮೆಯಲ್ಲಿ ಮೇಲುಮಣ್ಣಿನ ಕೆಳಗೆ ಶಿಥಿಲವಾದ ಕಲ್ಲುಮಣ್ಣಿನ ಪದರವಿದ್ದು, ಅದರ ಕೆಳಗೆ ಗಟ್ಟಿಬಂಡೆಯಿದೆ. ಹಿಂದಿನವರ ಸೇದುವ ಬಾವಿಗಳಿಗೆ ನೀರು ಒದಗುತ್ತಿದ್ದುದು ಆ ಶಿಥಿಲ ಪದರದಿಂದ. ಕೊಳವೆಬಾವಿಗಳು ಬಂಡೆಯ ಬಿರುಕುಗಳ ನೀರನ್ನು ಎಳೆಯುತ್ತವೆ. ಆ ಬಿರುಕುಗಳು ತುಂಬುವುದು ಬಹಳ ನಿಧಾನ. ಆದ್ದರಿಂದ ೩ ಅಡಿ ಅಗಲ, ೨೦ ಅಡಿ ಆಳದ ಬಾವಿಯನ್ನು ತೋಡಿಸಿ, ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಸಂದುಗಳಿಗೆ ಗಾರೆ ಮೆತ್ತದೆ, ತಳಕ್ಕೂ ಗಾರೆ ಹಾಕದೆ ಬಿಡಬೇಕು. ನೀರು ಅಲ್ಲಿಂದಲೇ ಭೂಮಿಗೆ ಇಳಿಯುವುದು. ಬಾವಿಯ ಬಾಯಿಗೆ ಭದ್ರವಾದ ಚಪ್ಪಡಿಯಿರಲಿ, ಮಕ್ಕಳಿರುವ ಮನೆಯಲ್ಲಿ ಇದನ್ನು ಒಂದು ದಿನವೂ ತಡಮಾಡಕೂಡದು. ತಲೆಮಾರುಗಳಿಂದ ಬಾವಿ ತೋಡುತ್ತ ಬಂದಿರುವ ಭೋವಿ ಜನರಿಗೆ ಮಣ್ಣಿನ ಗುಣವು ಚೆನ್ನಾಗಿ ತಿಳಿದಿರುವುದರಿಂದ, ಸ್ಥಳ ಗೊತ್ತುಮಾಡುವ ಮೊದಲು ಅವರನ್ನು ಕೇಳುವುದು ಲೇಸು. ಕಕ್ಕಸಿನ ಗುಂಡಿಯ ಬಳಿ ಇಂಗುಬಾವಿಯನ್ನು ತೋಡಲೇಬಾರದು. ಬಚ್ಚಲ ನೀರನ್ನಾಗಲಿ, ದನದ ಕೊಟ್ಟಿಗೆಯ ನೀರನ್ನಾಗಲಿ ಅದಕ್ಕೆ ಬಿಡಲೂಬಾರದು. ಒಬ್ಬರ ಮನೆಯಲ್ಲಿ ಕೆಡಿಸಿದ ನೀರು ನೆರೆಯವರ ಬಾವಿಯಲ್ಲಿ ಬರುವುದು.

ಹಾಗಾದರೆ ಬಚ್ಚಲ ನೀರಿಗೆ ದಾರಿ ಯಾವುದು? ಹಿತ್ತಲಿನ ಬಾಳೆ ಮತ್ತು ಕೆಸುವಿನ ಪಾತಿ. ಇದು ಹೊಸ ವಿದ್ಯೆಯಲ್ಲ, ಹಳೆಯ ಮನೆಗಳಲ್ಲಿ ಬಚ್ಚಲ ಹಿಂದೆ ಬಾಳೆಯ ಕೂಟವಿಲ್ಲದ ಮನೆ ಅಪರೂಪವಾಗಿತ್ತು. ಸೋಪಿನ ಪುಡಿಯ ಬಳಕೆ ಹೆಚ್ಚಿರುವ ಈ ಕಾಲದಲ್ಲಿ ಒಂದೇ ಪಾತಿಗೆ ನಿತ್ಯವೂ ಬಿಡದೆ, ಎರಡು ಮೂರು ಪಾತಿಗಳಿಗೆ ಸರದಿಯಂತೆ ತಿರುಗಿಸುವುದು ಉತ್ತಮ. ಸೊಪ್ಪು ತರಕಾರಿಗಳನ್ನು ಹಸಿಯಾಗಿ ತಿನ್ನುವುದಾದರೆ ಅವುಗಳಿಗೆ ಈ ನೀರು ಬೇಡ. ಅಕ್ಕಿ ತೊಳೆದ ನೀರು ಎಂದಿನಂತೆ ಕಲಗಚ್ಚಿಗೆ ಸೇರಲಿ.

ತೊಟ್ಟಿಕ್ಕುವ ನಲ್ಲಿಯಿಂದ ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಸುಮಾರು ೨೦ ಲೀಟರು ಹಾಳಾಗುತ್ತದೆ. ಸಂದೇಹವಿದ್ದವರು ರಾತ್ರಿ ಅದರ ಕೆಳಗೆ ಬಿಂದಿಗೆಯನ್ನಿಟ್ಟು ಬೆಳಗ್ಗೆ ನೋಡಬಹುದು.

ನಗರದಲ್ಲಿ ೨೦೦೯ನೆಯ ಇಸವಿಯ ಕಾಯಿದೆಯ ತಿದ್ದುಪಡಿಯ ಮೇರೆಗೆ ದೊಡ್ಡ ನಿವೇಶನಗಳ ಮನೆಗಳು ಮಳೆನೀರಿನ ಏರ್ಪಾಡನ್ನು ಮಾಡಿಕೊಳ್ಳಲೇಬೇಕೆಂದಾಯಿತು. ದಂಡಕ್ಕೆ ಹೆದರಿ ಕೊಳವೆ ಜೋಡಿಸಿದವರಲ್ಲಿ ಕೆಲವರು ಆಮೇಲೆ ಅದರ ಕಡೆ ನೋಡುವುದೇ ಇಲ್ಲ. ಮರಳು ಹೂಳಿನಿಂದ ಕಟ್ಟಿಕೊಂಡು ಪೀಪಾಯಿ ತುಂಬಿ ಹೊರಚೆಲ್ಲುತ್ತದೆ. ವರ್ಷಕ್ಕೊಮ್ಮೆ, ಭರಣಿ ಮಳೆಗೆ ಮುಂಚೆ, ಮಾಳಿಗೆಯನ್ನು ಗುಡಿಸಿ, ದೋಣಿಯ ಕಸ ತೆಗೆದು, ಮರಳನ್ನು ಹೊರಹಾಕಿ ತೊಳೆದು ಬಿಸಿಲಿಗೆ ಒಣಗಿಸಿ ಮತ್ತೆ ತುಂಬತಕ್ಕದ್ದು. ಇಬ್ಬರು ಆಳುಗಳಿಗೆ ಇದು ಅರ್ಧ ದಿನದ ಕೆಲಸ.