ಪರಿಗ್ರಹಪರಿಮಾಣವೂ ಗೃಹಸ್ಥನ ಆಯವ್ಯಯವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕಡೆಯದಾದ ಪರಿಗ್ರಹಪರಿಮಾಣವು ಲೆಕ್ಕದ ವ್ರತವಾಗಿದೆ. ಸಂಖ್ಯೆಯನ್ನು ಹೇಳದೆ ಇದನ್ನು ಸ್ವೀಕರಿಸಲು ಬಾರದು. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ ಎಂಬ ಹತ್ತು ಬಗೆಯ ಬಾಹ್ಯ ಪರಿಗ್ರಹದಲ್ಲಿ ತನಗೆ ಎಷ್ಟು ಸಾಕು ಎಂಬುದನ್ನು ಗೃಹಸ್ಥನು ಮೊದಲೇ ನಿಶ್ಚಯಿಸಬೇಕು. ಅದೇ ಗೃಹಸ್ಥನಿಗೆ ಮಕ್ಕಳ ವಿದ್ಯಾಭ್ಯಾಸ, ಮದುವೆ, ಸಮ್ಮೇದಶಿಖರದ ಯಾತ್ರೆ, ಹಿಡಿದ ನೋಂಪಿಯ ಉದ್ಯಾಪನೆ, ವೃದ್ಧಾಪ್ಯದಲ್ಲಿ ಆರಂಭವನ್ನು ತೊರೆದು ಧರ್ಮಧ್ಯಾನದಲ್ಲಿ ಇರುವುದು ಮುಂತಾದ ಜೀವಮಾನದ ಹಂಬಲಗಳೂ ಇರುತ್ತವೆ. ವ್ರತವು ಬಸದಿಗೆ ಸೇರಿದ್ದು, ಹಣದ ಯೋಚನೆ ಬ್ಯಾಂಕಿಗೆ ಸೇರಿದ್ದು ಎಂದು ಇವೆರಡನ್ನೂ ಬೇರೆಬೇರೆಯಾಗಿ ಇರಿಸುವುದು ಇಂದಿನ ರೂಢಿ. ಆದರೆ ಪರಿಮಾಣವನ್ನು ಬರೆದಿಡದ ಮನೆಯಲ್ಲಿ ಎಂತಹ ಉಳಿತಾಯವೂ ಗುರಿ ಮುಟ್ಟುವುದಿಲ್ಲ. ಗುರಿಯೇ ಪ್ರತಿವರ್ಷ ಮುಂದೆ ಸರಿಯುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹದ ಪಾಪಕ್ಕೆ ಶ್ಮಶ್ರುನವನೀತನನ್ನು ಉದಾಹರಿಸಿದ್ದಾರೆ. ವ್ಯಾಪಾರಕ್ಕೆ ಹೋಗಿ ಗಳಿಸಿದ್ದನ್ನೆಲ್ಲ ಕಳ್ಳರಿಗೆ ಒಪ್ಪಿಸಿ ಬಂದ ಒಬ್ಬ ವಣಿಕನು ಗೋವಳನ ಮನೆಯಲ್ಲಿ ಮಜ್ಜಿಗೆ ಬೇಡಿ ಕುಡಿದನು. ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡು, ಇದೇ ಮೂಲಧನವಾಗಲಿ ಎಂದು ದಿನದಿನವೂ ಅದನ್ನು ಒರೆಸಿ ಕೂಡಿಸುತ್ತ ಬಂದನು. ತುಪ್ಪದ ಗಡಿಗೆ ತುಂಬಿತು. ಚಳಿಗಾಲದ ಒಂದು ರಾತ್ರಿ, ಗುಡಿಸಿಲಿನಲ್ಲಿ ಬೆಂಕಿಯ ಬಳಿ, ಗಡಿಗೆಯನ್ನು ಕಾಲ ದೆಸೆಯಲ್ಲಿಟ್ಟುಕೊಂಡು ಮಲಗಿ, ಈ ತುಪ್ಪವನ್ನು ಮಾರಿ ವ್ಯಾಪಾರಿಯಾಗುವೆನು, ಸಾಮಂತನಾಗುವೆನು, ಚಕ್ರವರ್ತಿಯಾಗುವೆನು ಎಂದು ಎಣಿಸತೊಡಗಿದನು. ಏಳಂತಸ್ತಿನ ಅರಮನೆಯಲ್ಲಿ ಕಾಲೊತ್ತುವ ರಾಣಿಯನ್ನು, ನಿನಗೆ ಒತ್ತಲು ಬಾರದೆಂದು ಸರಸದಿಂದ ಒದೆಯುವಂತೆ ಕಲ್ಪಿಸಿಕೊಂಡು ಕಾಲು ಝಾಡಿಸಿದನು. ಗಡಿಗೆ ಉರುಳಿ, ತುಪ್ಪ ಬೆಂಕಿಗೆ ಬಿದ್ದು, ಗುಡಿಸಿಲೂ ಅವನೂ ಸುಟ್ಟುಹೋದರು.

ಈ ಕಥೆಯನ್ನು ಹಗಲುಗನಸಿನ ಹಾಸ್ಯವೆಂದು ಮಕ್ಕಳಿಗೆ ಹೇಳಿ ಮುಗಿಸುವವರೇ ಹೆಚ್ಚು. ವಣಿಕನು ಸೋಮಾರಿಯಲ್ಲ, ದುಂದುಗಾರನೂ ಅಲ್ಲ ಎಂಬುದನ್ನು ಗಮನಿಸಬೇಕು. ಹನಿಹನಿಯಾಗಿ ಕೂಡಿಸುವ ಶಿಸ್ತು ಅವನಲ್ಲಿ ಪೂರ್ಣವಾಗಿತ್ತು. ಇಷ್ಟಕ್ಕೆ ಸಾಕು ಎಂಬ ಒಂದು ಮಾತು ಮಾತ್ರ ಅವನಲ್ಲಿ ಇರಲಿಲ್ಲ.

ಹಣವನ್ನು ಕೆಡಿಸುವವರು ಮೂರು ಬಗೆ ಎಂದು ಸೋಮದೇವಸೂರಿಯು ನೀತಿವಾಕ್ಯಾಮೃತದಲ್ಲಿ ವಿಭಾಗಿಸಿದ್ದಾನೆ. ಈತನು ಪಂಪನ ಆಶ್ರಯದಾತನಾದ ಅರಿಕೇಸರಿಯ ಮಗನ ಕಾಲದಲ್ಲಿ, 959ರಲ್ಲಿ, ಯಶಸ್ತಿಲಕವನ್ನು ಮುಗಿಸಿದವನಾದುದರಿಂದ ಕನ್ನಡಿಗರಿಗೆ ತೀರ ಹೊರಗಿನವನಲ್ಲ. ಬಂದದ್ದನ್ನು ವಿಚಾರವಿಲ್ಲದೆ ಆಗಲೇ ವೆಚ್ಚಮಾಡುವವನು ತಾದಾತ್ವಿಕ. ಹಿರಿಯರ ಆಸ್ತಿಯನ್ನು ಕರಗಿಸಿ ತಿನ್ನುವವನು ಮೂಲಹರ. ತನ್ನನ್ನೂ ಆಳುಕಾಳುಗಳನ್ನೂ ಬಾಧಿಸಿ ಕೂಡಿಡುವವನು ಕದರ್ಯ. ಜಿಪುಣನನ್ನು ದುಂದುಗಾರರ ಸಾಲಿನಲ್ಲಿಯೇ ಕೂರಿಸಿರುವುದು ಈ ವಿಭಾಗದ ವಿಶೇಷ.

ಹಾಗಾದರೆ ಆಯವನ್ನು ಹಂಚುವ ಕ್ರಮವೇನು? ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಉದ್ಧರಿಸಲ್ಪಟ್ಟ ಹಳೆಯ ನೀತಿಯಂತೆ ಆಯದ ಒಂದು ಪಾದ ನಿಧಿಗೆ, ಒಂದು ಪಾದ ವ್ಯಾಪಾರದ ಬಂಡವಾಳಕ್ಕೆ, ಒಂದು ಪಾದ ಧರ್ಮ ಮತ್ತು ಉಪಭೋಗಕ್ಕೆ, ಉಳಿದ ಪಾದ ಆಶ್ರಿತರ ಪೋಷಣೆಗೆ. ತಿಂಗಳಿಗೆ 40,000 ರೂಪಾಯಿ ಬರುವ ಮನೆಯಲ್ಲಿ ಒಂದೊಂದು ಪಾದವೂ 10,000 ರೂಪಾಯಿ. ಬಾಡಿಗೆ ಮನೆಯ ಪಟ್ಟಣವಾಸಿಗೆ ಇದು ನಡೆಯದು ಎಂಬ ಆಕ್ಷೇಪ ಸರಿಯಾದುದೇ. ಸಂಬಳದಾರನಿಗೆ ಬಂಡವಾಳದ ಪಾದ ಬೇಕಾಗದಿರುವುದರಿಂದ ಅದು ಬಾಡಿಗೆಗೋ ಸಾಲ ತೀರಿಸುವುದಕ್ಕೋ ಸಲ್ಲಬಹುದು. ಪ್ರಮಾಣವು ಮನೆಯಿಂದ ಮನೆಗೆ ಬದಲಾಗಲಿ, ಕ್ರಮ ಬದಲಾಗಬಾರದು: ನಿಧಿಯ ಪಾಲು ಮೊದಲು ಬೇರೆಯಾಗಬೇಕು. ತಿಂಗಳ ಕೊನೆಯಲ್ಲಿ ಉಳಿದುದನ್ನು ಇಡುವೆನೆಂಬವನಿಗೆ ಉಳಿಯುವುದು ಅಪರೂಪ. ಹಾಗೆ ಇಟ್ಟ ಹಣ ಎಲ್ಲಿ ದುಡಿಯುತ್ತಿದೆ ಎಂಬುದನ್ನೂ ನೋಡತಕ್ಕದ್ದು. ಆಶಾಧರರು ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳಿದ್ದಾರೆ. ಮದ್ಯದ ಕಂಪೆನಿಯ ಷೇರಿನ ಲಾಭದಿಂದ ಮಾಡಿದ ಆಹಾರದಾನಕ್ಕೆ ಆ ಗುಣವಿಲ್ಲ.

ಇನ್ನು ಉದ್ಯಾಪನೆಯ ವಿಚಾರ. ನಮ್ಮ ಮನೆಗಳಲ್ಲಿ ಸಾಲಕ್ಕೆ ಕಾರಣವಾಗುವ ಧರ್ಮಕಾರ್ಯವೆಂದರೆ ಇದೇ. ಅನಂತನ ನೋಂಪಿಯು 14 ವರ್ಷಗಳದು, ದಶಲಕ್ಷಣದ ನೋಂಪಿಯು 10 ವರ್ಷಗಳದು. ಹಿಡಿದ ದಿನವೇ ಮುಗಿಯುವ ವರ್ಷವೂ ತಿಳಿದಿರುತ್ತದೆ. ಲೌಕಿಕ ಖರ್ಚುಗಳಲ್ಲಿ ಇಷ್ಟು ಮುಂಚಿತವಾಗಿ ತಿಥಿ ಗೊತ್ತಾಗುವಂಥದು ಮತ್ತೊಂದಿಲ್ಲ. ಅನಂತನ ನೋಂಪಿ ಹಿಡಿದ ಸೊಸೆಯ ಹೆಸರಿನಲ್ಲಿ ತಿಂಗಳಿಗೆ 200 ರೂಪಾಯಿ ಇಟ್ಟರೆ 168 ತಿಂಗಳಲ್ಲಿ ಬಡ್ಡಿಯಿಲ್ಲದೆ 33,600 ರೂಪಾಯಿ ಆಗುತ್ತದೆ. ಅಂಚೆ ಕಚೇರಿಯ ಆವರ್ತಕ ಠೇವಣಿಯು 5 ವರ್ಷದ್ದು. ಅದನ್ನು ಮತ್ತೆ ಮತ್ತೆ ಹೂಡಬಹುದು. ಆ ಮೊತ್ತಕ್ಕೆ ತಕ್ಕಂತೆ ಉಪಕರಣಗಳೂ ಶಾಸ್ತ್ರದಾನವೂ ಸಂಘಭೋಜನವೂ ನಡೆಯಲಿ. ಮೊತ್ತವೇ ಕೂಡದಿದ್ದರೆ? ಉದ್ಯಾಪನೆಗೆ ಶಕ್ತಿಯಿಲ್ಲದವರು ನೋಂಪಿಯನ್ನು ಇಮ್ಮಡಿ ಕಾಲ ಆಚರಿಸಬೇಕೆಂದು ವ್ರತವಿಧಿಗಳೇ ದಾರಿ ತೋರಿಸಿವೆ. ಬಡವಿಯ 28 ವರ್ಷದ ಉಪವಾಸವನ್ನು ಶ್ರೀಮಂತಳ 14 ವರ್ಷ ಮತ್ತು ಉದ್ಯಾಪನೆಗೆ ಸಮವಾಗಿ ತೂಗಿದ ಪೂರ್ವಿಕರು ಸಾಲವನ್ನು ಎಲ್ಲಿಯೂ ವಿಧಿಸಿಲ್ಲ. ನೆರೆಯವರ ಉದ್ಯಾಪನೆಯನ್ನು ಮೀರಿಸುವುದಕ್ಕಾಗಿ ಬಳೆ ಅಡವಿಡುವುದು ವ್ರತವಿಧಿಯಲ್ಲಿ ಇಲ್ಲದ ಕ್ರಿಯೆ.

ಯಾತ್ರೆಯಲ್ಲಿ ಹಣಕ್ಕಿಂತ ಕಾಲಿನ ಲೆಕ್ಕ ಮುಖ್ಯ. ಶಿಖರಜಿಯ ಬೆಟ್ಟವನ್ನು ಹತ್ತಿ, ಟೊಂಕಗಳನ್ನು ವಂದಿಸಿ ಇಳಿಯುವುದಕ್ಕೆ ಸುಮಾರು 27 ಕಿಲೋಮೀಟರ್ ನಡೆಯಬೇಕು. ನಿವೃತ್ತಿಯ ಹಣ ಬಂದ ಮೇಲೆ ನೋಡೋಣ ಎಂದವರು ಡೋಲಿಯನ್ನು ಆಶ್ರಯಿಸಬೇಕಾಗುತ್ತದೆ. ಇದನ್ನು 50ರ ಒಳಗೇ ಮಾಡಿಕೊಳ್ಳುವುದು ಲೇಸು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವು 2006ರಲ್ಲಿ ನಡೆದು 2018ರಲ್ಲಿ ಮತ್ತೆ ನಡೆಯಿತು. ಹನ್ನೆರಡು ವರ್ಷದ ಈ ಅಂತರವು ಕೂಡಿಡುವವನಿಗೆ ಅನುಕೂಲವೇ.

ಪರಿಮಾಣದ ಸಂಖ್ಯೆಯನ್ನು ಯಾವುದರಲ್ಲಿ ಬರೆಯಬೇಕೆಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಐವತ್ತು ವರ್ಷಗಳ ಹಿಂದೆ ಹತ್ತು ಸಾವಿರ ರೂಪಾಯಿಗೆ ಮಿತಿ ಮಾಡಿಕೊಂಡ ವ್ರತಿಕನಿಗೆ ಇಂದು ಅದು ಒಂದು ತಿಂಗಳ ಔಷಧಿಗೂ ಸಾಲದೆ ಹೋಗಬಹುದು. ಆಗ ಮಿತಿಯನ್ನು ಹೆಚ್ಚಿಸಿದರೆ ವ್ರತಭಂಗ, ಹೆಚ್ಚಿಸದಿದ್ದರೆ ಆರ್ತಧ್ಯಾನ. ಆದುದರಿಂದ ಸ್ವೀಕರಿಸುವಾಗಲೇ ವಸ್ತುವಿನಲ್ಲಿ ಅಳೆಯುವುದು ಕ್ಷೇಮ: ವಾಸಕ್ಕೆ ಒಂದು ಮನೆ, ಇಷ್ಟು ಎಕರೆ ಜಮೀನು, ಇಷ್ಟು ತೊಲ ಬಂಗಾರ, ನಗದಾದರೆ ಇಷ್ಟು ವರ್ಷದ ಸಾಧಾರಣ ಮನೆಖರ್ಚಿನಷ್ಟು. ಗುರುಗಳ ಸಮ್ಮುಖದಲ್ಲಿ ಈ ರೀತಿ ಹೇಳಿದ ಮಿತಿಯು ಬೆಲೆ ಏರಿದರೂ ಮುರಿಯುವುದಿಲ್ಲ.

ಮಿತಿಯನ್ನು ಉಳಿಸಿಕೊಂಡಂತೆ ತೋರಿಸಿ ಮೀರುವ ಉಪಾಯಗಳನ್ನು ಆಶಾಧರರು ಹದಿಮೂರನೆಯ ಶತಮಾನದಲ್ಲಿಯೇ ಬಲ್ಲರು. ಪಕ್ಕದ ಹೊಲ ಕೊಂಡು ನಡುವಣ ಬದುವನ್ನು ಕಿತ್ತು ಒಂದೇ ಹೊಲವೆನ್ನುವುದು, ಹೆಚ್ಚಾದ ಬಂಗಾರವನ್ನು ಬಂಧುಗಳಿಗೆ ಕೊಟ್ಟಂತೆ ಮಾಡಿ ಅವಧಿ ಮುಗಿದ ಮೇಲೆ ಪಡೆಯುವುದು, ಧಾನ್ಯವನ್ನು ಮಾರಿದವನ ಮನೆಯಲ್ಲಿಯೇ ತನಗಾಗಿ ಕಟ್ಟಿಸಿಡುವುದು ಇವೆಲ್ಲ ಅವರ ಸಾಗಾರಧರ್ಮಾಮೃತದಲ್ಲಿ ಅತಿಚಾರಗಳಾಗಿ ಎಣಿಸಲ್ಪಟ್ಟಿವೆ. ಹೆಂಡತಿಯ ಹೆಸರಿನ ಠೇವಣಿ, ಭಾವಮೈದುನನ ಹೆಸರಿನ ನಿವೇಶನ ಎಂಬ ಇಂದಿನ ಉಪಾಯಗಳಿಗೆ ಬೇರೆ ಅಧ್ಯಾಯ ಬೇಕಿಲ್ಲ.

ಇಷ್ಟೆಲ್ಲ ಲೆಕ್ಕ ಯಾವ ಕಡೆಗೆ ಎಂಬುದನ್ನು ಜಿನಸೇನಾಚಾರ್ಯರ ಆದಿಪುರಾಣ ತಿಳಿಸುತ್ತದೆ. ಅದರಲ್ಲಿ ಹೇಳಿದ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಗೃಹತ್ಯಾಗವೂ ಒಂದು. ಗೃಹಸ್ಥನು ಸಿದ್ಧಪೂಜೆ ಮಾಡಿ, ಮಾನ್ಯರನ್ನು ಕರೆಯಿಸಿ, ಅವರ ಸಾಕ್ಷಿಯಲ್ಲಿ ಹಿರಿಯ ಮಗನಿಗೆ ಮನೆಯನ್ನು ಒಪ್ಪಿಸುತ್ತಾನೆ. ಧನವನ್ನು ಮೂರು ಭಾಗ ಮಾಡಿ, ಒಂದನ್ನು ಧರ್ಮಕ್ಕೆ, ಒಂದನ್ನು ಮನೆಯ ವೆಚ್ಚಕ್ಕೆ, ಮೂರನೆಯದನ್ನು ಒಡಹುಟ್ಟಿದವರ ಹಂಚಿಕೆಗೆ ಇಡುವಂತೆ ತಿಳಿಸುತ್ತಾನೆ. ಹೆಣ್ಣುಮಕ್ಕಳೂ ಗಂಡುಮಕ್ಕಳಷ್ಟೇ ಸಮಪಾಲಿಗೆ ಅರ್ಹರೆಂದು ಅಲ್ಲಿಯೇ ಸ್ಪಷ್ಟವಾಗಿದೆ. ಇದು ಒಂಬತ್ತನೆಯ ಶತಮಾನದ ಮಾತು. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯಿದೆಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ದೇಶದಾದ್ಯಂತ ಕೊಟ್ಟದ್ದು 2005ರ ತಿದ್ದುಪಡಿಯಿಂದ. ಆದರೂ ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು, ಆ ಹಣದಿಂದ ಬಸದಿಗೆ ದಾನ ಬರೆಯಿಸುವ ಹಿರಿಯರು ಇದ್ದಾರೆ.

ಆಯವ್ಯಯದ ಪುಸ್ತಕವನ್ನು ದೀಪಾವಳಿಯ ಮರುದಿನ, ವೀರನಿರ್ವಾಣ ಸಂವತ್ಸರದ ಮೊದಲ ದಿನ, ಆರಂಭಿಸುವ ವ್ಯಾಪಾರಿ ಮನೆತನಗಳ ಪದ್ಧತಿಯು ಉದ್ಯೋಗಸ್ಥರ ಮನೆಗಳಿಗೂ ಒಪ್ಪುತ್ತದೆ. ಮೊದಲ ಹಾಳೆಯಲ್ಲಿ ಪರಿಮಾಣ, ಎರಡನೆಯದರಲ್ಲಿ ಇರುವ ಸಾಲ, ಮೂರನೆಯದರಲ್ಲಿ ಹಿಡಿದ ನೋಂಪಿಗಳೂ ಅವು ಮುಗಿಯುವ ವರ್ಷಗಳೂ ಇರಲಿ. ಮನೆಯ ಹೆಂಗಸರೂ ಓದಿ ರುಜು ಹಾಕಿದ ಮೇಲೆ ಆ ವರ್ಷದ ಆಯವನ್ನು ಬರೆಯಲು ತೊಡಗಬಹುದು.